ಸೂಕ್ಷ್ಮಪಾಚಿಯನ್ನು ಹೆಪ್ಪುಗಟ್ಟಿಸಿ ಕಾಪಿಡುವುದು: ನನ್ನ ಅನುಭವ

ಕ್ಲೋರೆಲ್ಲಾದಂತಹ ತಳಿಗಳನ್ನು ಕೆಲವು ವಾರಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ (ಪಾಚಿ ಬೆಳೆಯುವ ಪೋಷಕ ದ್ರವಕ್ಕೆ) ವರ್ಗಾಯಿಸುತ್ತ ಉಳಿಸಿಕೊಳ್ಳುವುದು ನಮ್ಮ ಪ್ರಯೋಗಾಲಯದ ರೂಢಿಯಾಗಿತ್ತು. ಪ್ರತಿ ವರ್ಗಾವಣೆಯಲ್ಲೂ ಬ್ಯಾಕ್ಟೀರಿಯಾ ಸೇರುವ ಭಯವಿದ್ದೇ ಇರುತ್ತದೆ. ಪೀಳಿಗೆಗಳು ಉರುಳಿದಂತೆ ತಳಿಯ ಗುಣವೇ ಬದಲಾಗಬಹುದೆಂಬ ಆತಂಕವಂತೂ ಅದಕ್ಕಿಂತ ದೊಡ್ಡದು. ಆದ್ದರಿಂದಲೇ ನಾನು ದ್ರವ ಸಾರಜನಕದ ಮೊರೆಹೋದೆ.

ವೇಗದ ಬೆಳವಣಿಗೆ ಮುಗಿಯುತ್ತ ಬಂದ ಕಲ್ಚರನ್ನೇ (ಮಾಧ್ಯಮದಲ್ಲಿ ಬೆಳೆಸಿದ ಪಾಚಿಯನ್ನೇ) ನಾನು ಆರಿಸಿಕೊಳ್ಳುತ್ತೇನೆ. ಶೇ. 10ರಷ್ಟು ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್, ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡುವ ದ್ರಾವಕ) ಬೆರೆಸಿದ ಮಾಧ್ಯಮವನ್ನು ನೈಲಾನ್ ಪೊರೆಯಲ್ಲಿ ಸೋಸಿಟ್ಟುಕೊಂಡು, ಅಷ್ಟೇ ಪ್ರಮಾಣದ ಕಲ್ಚರಿಗೆ ಹನಿಹನಿಯಾಗಿ ಸೇರಿಸುವುದರಿಂದ ಕೊನೆಯಲ್ಲಿ ಡಿಎಂಎಸ್‌ಒ ಪ್ರಮಾಣ ಶೇ. 5ಕ್ಕೆ ಇಳಿಯುತ್ತದೆ. ಶುದ್ಧ ಡಿಎಂಎಸ್‌ಒ ಸುಮಾರು 18.5 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಟ್ಟಿಯಾಗುವುದರಿಂದ, ತಂಪು ಕೋಣೆಯಲ್ಲಿ ಬಾಟಲಿ ಹೆಪ್ಪುಗಟ್ಟಿದ್ದರೆ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಡಿಎಂಎಸ್‌ಒಗೆ ಒಗ್ಗದ ತಳಿಗಳಿಗೆ ಮೆಥನಾಲ್ ಬಳಸುವುದುಂಟು.

ತೀರ ಬೇಗ ತಣಿಸಿದರೆ ನೀರು ಹೊರಬರಲು ಸಮಯ ಸಾಲದೆ ಕೋಶದೊಳಗೇ ಹರಳುಗಟ್ಟುತ್ತದೆ. ತೀರ ನಿಧಾನಿಸಿದರೆ ಕೋಶವು ನೀರನ್ನೆಲ್ಲ ಕಳೆದುಕೊಂಡು ಸಾಂದ್ರ ಲವಣದಲ್ಲಿ ಸಿಲುಕುತ್ತದೆ. ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಇಳಿಸುವುದು ನಡುದಾರಿ. ಐಸೊಪ್ರೊಪನಾಲ್ ತುಂಬಿದ ಡಬ್ಬಿಯಲ್ಲಿ ಕ್ರಯೋವಯಲ್‌ಗಳನ್ನು (ಅತಿಶೀತ ತಾಳುವ ಪುಟ್ಟ ಸೀಸೆಗಳನ್ನು) ಜೋಡಿಸಿ −80 ಡಿಗ್ರಿ ಫ್ರೀಜರಿನಲ್ಲಿಟ್ಟರೆ ಹೆಚ್ಚುಕಡಿಮೆ ಆ ವೇಗವೇ ಸಿಗುತ್ತದೆ. ಒಂದೂವರೆ ಗಂಟೆಯ ನಂತರ ತಡಮಾಡದೆ ಅವುಗಳನ್ನು −196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುತ್ತೇನೆ. ಫ್ರೀಜರಿನಲ್ಲೇ ಬಿಟ್ಟರೆ ಹರಳುಗಳು ಮೆಲ್ಲಗೆ ಬೆಳೆಯುತ್ತಲೇ ಇರುತ್ತವೆ. ದೀರ್ಘಕಾಲದ ಸಂಗ್ರಹಕ್ಕೆ ಸಾರಜನಕದ ಆವಿಯ ಭಾಗವೇ ಲೇಸು; ದ್ರವದಲ್ಲಿ ಮುಳುಗಿದ ವಯಲ್‌ಗೆ ಸಾರಜನಕ ನುಸುಳಿದ್ದರೆ ಹೊರತೆಗೆದಾಗ ಅದು ಸಿಡಿಯಬಹುದು. ಮುಖಕವಚ ಮತ್ತು ಕೈಗವಸುಗಳಿಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು.

ಎಲ್ಲರ ಗಮನವೂ ಘನೀಕರಣದ ಮೇಲಿರುತ್ತದೆಯಾದರೂ, ನನ್ನ ಮಟ್ಟಿಗೆ ಹೆಚ್ಚಿನ ಎಚ್ಚರ ಬೇಕಾಗುವುದು ಕರಗಿಸಿದ ಮೇಲೆ. ವಯಲನ್ನು 37ರಿಂದ 40 ಡಿಗ್ರಿ ನೀರಿನಲ್ಲಿ ಆಡಿಸುತ್ತ, ಕಡಲೆಕಾಳಿನಷ್ಟು ಮಂಜು ಉಳಿದಿರುವಾಗಲೇ ಎತ್ತಿಬಿಡುತ್ತೇನೆ. ಹೊರಮೈಯನ್ನು ಎಥನಾಲಿನಿಂದ ಒರೆಸಿ, ಒಳಗಿನದನ್ನು ಹತ್ತು ಪಟ್ಟು ಹೊಸ ಮಾಧ್ಯಮಕ್ಕೆ ನಿಧಾನವಾಗಿ ಸೇರಿಸುತ್ತೇನೆ. ಆ ಹೊತ್ತಿನಲ್ಲಿ ಕೋಶಗಳು ಬಹಳ ನಾಜೂಕಾಗಿರುವುದರಿಂದ ಸೆಂಟ್ರಿಫ್ಯೂಜಿಗೆ ಹಾಕುವುದಿಲ್ಲ. ಮೊದಲ 24 ಗಂಟೆ ಪೂರ್ತಿ ಕತ್ತಲು, ಆಮೇಲೆ ಕೆಲವು ದಿನ ಮಂದ ಬೆಳಕು. ಪೆಟ್ಟುತಿಂದ ದ್ಯುತಿಸಂಶ್ಲೇಷಣಾ ವ್ಯವಸ್ಥೆಯ ಮೇಲೆ ಪ್ರಖರ ಬೆಳಕು ಬಿದ್ದರೆ ಹಾನಿಕರ ಆಮ್ಲಜನಕದ ರೂಪಗಳು ಹುಟ್ಟಿ, ಬದುಕಿದ್ದ ಕೋಶಗಳನ್ನೂ ಬಲಿತೆಗೆದುಕೊಳ್ಳುತ್ತವೆ.

ಕರಗಿದ ದ್ರವದ ಹಸಿರು ಬಣ್ಣವನ್ನು ನಂಬುವಂತಿಲ್ಲ, ಏಕೆಂದರೆ ಸತ್ತ ಕೋಶದಲ್ಲೂ ಕ್ಲೋರೊಫಿಲ್ ಕೆಲಕಾಲ ಉಳಿದಿರುತ್ತದೆ. ಘನೀಕರಿಸುವ ಮುನ್ನ ಮತ್ತು ಕರಗಿಸಿದ ನಂತರ ಒಂದೇ ರೀತಿ ತೆಳುಗೊಳಿಸಿ ಅಗರ್ ತಟ್ಟೆಯಲ್ಲಿ ಹರಡಿ, ಮೂಡಿದ ಕಾಲನಿಗಳನ್ನು (ಕೋಶಗಳ ಗುಂಪುಗಳನ್ನು) ಹೋಲಿಸಿಯೇ ಉಳಿವಿನ ಪ್ರಮಾಣವನ್ನು ಬರೆದಿಡುತ್ತೇನೆ. ಪ್ರತಿ ತಳಿಯ ಒಂದು ವಯಲನ್ನು ಹೀಗೆ ಪರೀಕ್ಷಿಸಿ ಮುಗಿಯುವವರೆಗೆ ಹಳೆಯ ಕಲ್ಚರಿನ ವರ್ಗಾವಣೆಯನ್ನು ನಿಲ್ಲಿಸುವುದಿಲ್ಲ. ಈ ವಿಧಾನಕ್ಕೆ ಸುಲಭವಾಗಿ ಮಣಿಯದ ಅನೇಕ ಡೈನೋಫ್ಲ್ಯಾಜೆಲೇಟ್‌ಗಳ (ಚಾವಟಿಯಂತಹ ಎಳೆಗಳಿಂದ ಚಲಿಸುವ ಏಕಕೋಶ ಜೀವಿಗಳ) ವಿಷಯದಲ್ಲಂತೂ ವರ್ಗಾವಣೆಯನ್ನೇ ಮುಂದುವರಿಸಿದ್ದೇನೆ.