ಗಾಜಿನ ಹಿಂದಿನ ಬಿಸಿಲು

ಎರಡು ವರ್ಷ ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಬಿಸಿಲು ಕಾಯಿಸಿದವನು ನಾನು. ನನಗೆಲ್ಲಿಂದ ಬರಬೇಕು ವಿಟಮಿನ್ ಡಿ ಕೊರತೆ ಅಂತ ಆರಾಮಾಗಿದ್ದೆ. ಆಮೇಲೆ ಸೊಂಟ, ತೊಡೆ ನೋಯಲು ಶುರುವಾಯಿತು. ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕಾಯಿತು. ರಕ್ತ ಪರೀಕ್ಷೆಯಲ್ಲಿ ಬಂದದ್ದು ಮಿಲಿಲೀಟರಿಗೆ 11 ನ್ಯಾನೋಗ್ರಾಂ. 20ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅಂತಲೇ ಲೆಕ್ಕ.

"ದಿನಾ ಬಿಸಿಲಲ್ಲೇ ಕೂರ್ತೀನಲ್ಲ ಡಾಕ್ಟ್ರೇ?"

"ಗಾಜು ಮುಚ್ಚಿರುತ್ತಾ?"

ಮುಚ್ಚಿರುತ್ತಿತ್ತು.

ಚರ್ಮದಲ್ಲಿ ಡಿ ತಯಾರಾಗಲು ಬೇಕಾದದ್ದು ಬಿಸಿಲಿನ ಕಾವಲ್ಲ, ಕಣ್ಣಿಗೆ ಕಾಣದ ಯುವಿಬಿ ಕಿರಣ. ಕಿಟಕಿ ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬೆಳಕು ಬರುತ್ತದೆ, ಬೆನ್ನು ಬೆಚ್ಚಗಾಗುತ್ತದೆ, ಬೇಕಾದ ಕಿರಣ ಮಾತ್ರ ಹೊರಗೇ. ಸಾಲದ್ದಕ್ಕೆ ನಾನು ಕೂರುತ್ತಿದ್ದದ್ದು ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ. ಸೂರ್ಯ ಕೆಳಗಿರುವಾಗ ಕಿರಣಗಳು ಓರೆಯಾಗಿ ಬರುತ್ತವೆ, ಗಾಳಿಯಲ್ಲಿ ಜಾಸ್ತಿ ದೂರ ಸಾಗಬೇಕು. ಯುವಿಬಿಯನ್ನು ದಾರಿಯಲ್ಲೇ ಓಜೋನ್ ಹೀರಿಬಿಡುತ್ತದೆ. ಅಂದರೆ ಕಿಟಕಿ ತೆರೆದಿದ್ದರೂ ಅಷ್ಟೇ ಆಗುತ್ತಿತ್ತು!

ಈಗ ಗಡಿಯಾರ ನೋಡುವುದಿಲ್ಲ, ನೆರಳು ನೋಡುತ್ತೇನೆ. ನೆರಳು ನನಗಿಂತ ಗಿಡ್ಡವಾದ ಮೇಲೆ ತೋಳು, ಕಾಲಿಗೆ ಬಿಸಿಲು ಬೀಳುವಂತೆ ಹದಿನೈದಿಪ್ಪತ್ತು ನಿಮಿಷ ಹೊರಗಿರುತ್ತೇನೆ. ಮೈಬಣ್ಣ ಕಪ್ಪಾದಷ್ಟೂ ಹೆಚ್ಚು ಹೊತ್ತು ಬೇಕು. ಹಾಗಂತ ಚರ್ಮ ಸುಡುವ ತನಕ ಕೂತು ಲಾಭವಿಲ್ಲ. ಒಂದು ಹಂತ ದಾಟಿದರೆ, ಹೆಚ್ಚಾದದ್ದನ್ನು ಆ ಬಿಸಿಲೇ ಚರ್ಮದಲ್ಲಿ ಒಡೆದುಹಾಕುತ್ತದೆ.

ಆದರೆ ನನ್ನ 11 ಬಿಸಿಲೊಂದರಿಂದ ಮೇಲೇಳುವಂಥದ್ದಲ್ಲ. ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್‌ನ ಗುಳಿಗೆ ಬರೆದುಕೊಟ್ಟರು. ಅಲ್ಲೂ ಎಡವಿದೆ. ಮೊದಲೆರಡನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದ್ದೆ. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್, ಜಿಡ್ಡಿರುವ ಊಟದ ಜೊತೆಗಾದರೆ ಮೈಗೆ ಚೆನ್ನಾಗಿ ಸೇರುತ್ತದೆ. ಮೂರನೆಯದರಿಂದ ಮಧ್ಯಾಹ್ನದ ಊಟದ ಜೊತೆ ಶುರುಮಾಡಿದೆ.

"ವಾರಕ್ಕೆರಡು ತಗೋ, ಬೇಗ ಏರುತ್ತೆ" ಅಂತ ಗೆಳೆಯನೊಬ್ಬನ ಸಲಹೆ. ಪುಣ್ಯಕ್ಕೆ ಕೇಳಲಿಲ್ಲ. ಹೆಚ್ಚಾದ ಡಿ, ವಿಟಮಿನ್ ಸಿ ಥರ ಮೂತ್ರದಲ್ಲಿ ಹೋಗಿಬಿಡುವುದಿಲ್ಲ. ಮೈಯಲ್ಲೇ ಉಳಿಯುತ್ತದೆ, ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ಎಂಟು ವಾರ ಮುಗಿದ ಮೇಲೆ ದಿನಕ್ಕೆ 1000 ಯೂನಿಟ್. ಡಬ್ಬಿ ಮೇಲೆ ನೋಡಿದರೆ 25 ಮೈಕ್ರೋಗ್ರಾಂ! ಅಂಗಡಿಯವರು ತಪ್ಪು ಕೊಟ್ಟರು ಅಂತ ವಾಪಸ್ ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದೆ. ಒಂದು ಮೈಕ್ರೋಗ್ರಾಂ ಅಂದರೆ 40 ಯೂನಿಟ್, ಎರಡೂ ಒಂದೇ.

ಮತ್ತೆ ಪರೀಕ್ಷೆ ಮಾಡಿಸಿದ್ದು ಮೂರು ತಿಂಗಳಾದ ಮೇಲೆ. ರಕ್ತದಲ್ಲಿ ಇದರ ಮಟ್ಟ ನಿಧಾನಕ್ಕೆ ಬದಲಾಗುವುದರಿಂದ ಅವಸರಪಟ್ಟು ಪ್ರಯೋಜನವಿಲ್ಲ. 34 ಬಂತು. ಡಿ ಇಲ್ಲದಿದ್ದರೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ, ಆಗ ಮೈ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ನನ್ನ ನೋವಿನ ಮೂಲ ಅದೇ ಇದ್ದಿರಬೇಕು, ಈಗ ಕಂಬಿ ಹಿಡಿಯದೆ ಹತ್ತುತ್ತೇನೆ. ಕೂದಲು ಉದುರುವುದೂ ನಿಲ್ಲುತ್ತದೆ ಅಂತ ಒಳಗೊಳಗೇ ಆಸೆ ಇತ್ತು. ಅದು ಮಾತ್ರ ಹಾಗೇ ಇದೆ.