ಯಾದಗಿರಿಯಿಂದ ಕಾರವಾರದ ದೋಣಿ ಪಾಠಕ್ಕೆ: ತಯಾರಿ ಹೀಗೆ ಮಾಡಿ

ಶಾಲೆಯ ಮಕ್ಕಳನ್ನು ಕಾರವಾರಕ್ಕೆ ಕರೆದೊಯ್ದು ದೋಣಿಯಲ್ಲಿ ಕಲಿಸುವ ಸಮುದ್ರದ ಪಾಠ ಯಾದಗಿರಿಯಲ್ಲೇ ಶುರುವಾಗಬೇಕು. ಇದು ನನ್ನ ಹಟ. ನಮ್ಮ ಹುಡುಗರಲ್ಲಿ ಬಹಳ ಜನ ಸಮುದ್ರವನ್ನೇ ನೋಡಿರುವುದಿಲ್ಲ. ಸುಮ್ನೆ ದೋಣಿ ಹತ್ತಿಸಿದರೆ ಕೂಗಾಟ, ಸೆಲ್ಫಿ, ವಾಂತಿ, ಇಷ್ಟೇ. ಅಳೆಯುವ ಕೆಲಸ ಇಲ್ಲೇ ಕೈಗೆ ಹತ್ತಿರಬೇಕು.

ಮೊದಲು ಸೆಕ್ಕಿ ತಟ್ಟೆ. 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಸಮುದ್ರದ ನೀರು ಎಷ್ಟು ತಿಳಿ ಎಂದು ನೋಡಲು ಬಳಸಿದ್ದು. 20 ಸೆಂ.ಮೀ. ಅಗಲದ ಡಬ್ಬಿ ಮುಚ್ಚಳ ಸಾಕು. ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಪೇಂಟ್ ಹಚ್ಚಿ. ನಡುವೆ ತೂತು ಕೊರೆದು ಹಗ್ಗ ಹಾಕಿ, ಕೆಳಗೆ ದಪ್ಪ ನಟ್ ಕಟ್ಟಿ. ಹಗ್ಗಕ್ಕೆ ಅರ್ಧರ್ಧ ಮೀಟರಿಗೆ ಗಂಟು. ನೆರಳಿರುವ ಕಡೆಯಿಂದ ಇಳಿಸಿ. ಎಲ್ಲಿ ಮಾಯವಾಯಿತು, ಮೇಲೆಳೆದಾಗ ಎಲ್ಲಿ ಕಂಡಿತು, ಎರಡರ ಸರಾಸರಿ ಬರೆಯಿರಿ. ಭೀಮಾ ನದಿಯಲ್ಲಿ ಇಳಿಸಿದಾಗ ಒಬ್ಬಳು, "ಸರ್, ಗಂಟು ಮುಳುಗೋಕಿಂತ ಮೊದಲೇ ತಟ್ಟೆ ಕಾಣವಲ್ತಲ್ರಿ!" ಅಂದಳು. ಕಾರವಾರದಲ್ಲಿ ಹೋಲಿಸಲು ಈ ಲೆಕ್ಕವೇ ಬೇಕು.

ಇನ್ನು ಪ್ಲವಕ, ಅಂದರೆ ನೀರಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು ಹಿಡಿಯುವ ಬಲೆ. ಅದಕ್ಕೆ ತಂತಿಯ ಬಳೆ, ಕಣ್ಣು ಸಣ್ಣಗಿರುವ ನೈಲಾನ್ ಬಟ್ಟೆ, ತುದಿಗೆ ಪುಟ್ಟ ಬಾಟಲಿ. ದೋಣಿ ನಿಧಾನ ಹೋಗುವಾಗ ಮಾತ್ರ ಎಳೆಯಬೇಕು. ಜೋರಾದರೆ ನೀರು ಬಲೆಯೊಳಗೆ ಹೋಗದೆ ಪಕ್ಕಕ್ಕೆ ಸರಿಯುತ್ತದೆ.

ಡಿಸೆಂಬರ್, ಜನವರಿ ಒಳ್ಳೆಯದು. ಮಳೆಗಾಲ ಬೇಡವೇ ಬೇಡ. ಇಲಾಖೆಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ ಮೊದಲೇ ಇರಲಿ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಾಟಿನ ತಿರುವುಗಳಲ್ಲೇ ಅರ್ಧ ಮಕ್ಕಳು ಸುಸ್ತಾಗುತ್ತಾರೆ. ಆದ್ದರಿಂದ ಇಳಿದ ದಿನವೇ ದೋಣಿ ಹತ್ತಿಸಬೇಡಿ, ಒಂದು ರಾತ್ರಿ ಮಲಗಲಿ. ಬೆಳಗ್ಗೆಯೇ ಹೊರಡಿ. ಮಧ್ಯಾಹ್ನ ಗಾಳಿ ಎದ್ದು ಅಲೆ ಜಾಸ್ತಿಯಾಗುತ್ತದೆ. ಖಾಲಿ ಹೊಟ್ಟೆ ಬೇಡ, ಮಿರ್ಚಿ ಭಜಿಯಂತೂ ಬೇಡ. ಒಂದೆರಡು ರೊಟ್ಟಿ ಸಾಕು.

ಲೈಫ್ ಜಾಕೆಟ್ಟಿನ ಪಟ್ಟಿಯನ್ನು ನೀವೇ ಎಳೆದು ನೋಡಿ. ಡಾಲ್ಫಿನ್ ಕಂಡಿತೋ, ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ, ದೋಣಿ ವಾಲುತ್ತದೆ. ಯಾರೂ ಏಳಬಾರದು, ಕೂತಲ್ಲಿಂದಲೇ ನೋಡಬೇಕು ಎಂದು ಹತ್ತುವ ಮೊದಲೇ ಹೇಳಿ. ತಲೆ ತಿರುಗುವವರು ದೋಣಿಯ ನಡುವೆ ಕೂತು ದೂರದ ದಿಗಂತ ನೋಡಲಿ. ದೋಣಿಯಲ್ಲಿ ಸೂಕ್ಷ್ಮದರ್ಶಕ ತೆಗೆಯಲೇಬೇಡಿ. ಅದು ದಡಕ್ಕೆ ಬಂದ ಮೇಲೆ, ಅವತ್ತೇ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಲು ಬಿಡುತ್ತಾರಾ ಎಂದು ಮೊದಲೇ ಪತ್ರ ಬರೆದು ಕೇಳಿ. ಬಲೆಯ ಬಾಟಲಿಯ ಒಂದು ಹನಿಯಲ್ಲಿ ಸಿಗಡಿಯಂಥ ಅತಿ ಸಣ್ಣ ಜೀವಿಗಳಾದ ಕೋಪಿಪಾಡ್‌ಗಳು ಚಂಗ್ ಚಂಗ್ ಎಂದು ಹಾರುವುದನ್ನು ಕಂಡರೆ ಹುಡುಗರು ಜಾಗ ಬಿಟ್ಟು ಏಳುವುದಿಲ್ಲ.

ಕಾಳಿ ನದಿ ಸಮುದ್ರ ಸೇರುವಲ್ಲಿ ಎರಡು ಬಾಟಲಿ ನೀರು ತುಂಬಿಕೊಳ್ಳಿ: ಒಂದು ನದಿಯ ಒಳಗಡೆ, ಒಂದು ಹೊರಗೆ ಕಡಲಲ್ಲಿ. ಭರತವೋ ಇಳಿತವೋ, ಸಮಯದ ಜೊತೆ ಬರೆದಿಡಿ. ಊರಿಗೆ ಬಂದ ಮೇಲೆ ತಲಾ 100 ಮಿ.ಲೀ. ನೀರು ಪೂರ್ತಿ ಆವಿಯಾಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಜೋರು ಉರಿಯಾದರೆ ಉಪ್ಪು ಸಿಡಿಯುತ್ತದೆ. ತೆರೆದ ಸಮುದ್ರದ ನೀರಾದರೆ ಸುಮಾರು 3.5 ಗ್ರಾಂ ಉಪ್ಪು ಉಳಿಯುತ್ತದೆ, ನದಿ ಕಡೆಯದ್ದು ಕಡಿಮೆ. ಭೀಮಾ ನೀರನ್ನೂ ಹಾಗೇ ಕಾಯಿಸಿ. ಖಾಲಿ ಬಟ್ಟಲನ್ನು ಮೊದಲು ತೂಗುವುದು ಮರೆಯಬೇಡಿ. ಶಾಲೆಯಲ್ಲಿ ಸೂಕ್ಷ್ಮ ತಕ್ಕಡಿ ಇಲ್ಲವಾ? ಪೇಟೆಯ ಅಕ್ಕಸಾಲಿಗರ ಹತ್ತಿರ ಇರುತ್ತದೆ, ಮಕ್ಕಳೇ ಹೋಗಿ ತೂಗಿಸಿಕೊಂಡು ಬರಲಿ.