‘ತಪ್ಪಾಯಿತು’ ಎನ್ನುವುದನ್ನು ಬಿಟ್ಟ ಮೇಲೆ

ನಮ್ಮ ಕ್ರೈಸ್ತ ಸಭೆಯ ಕಾಣಿಕೆಯ ಲೆಕ್ಕ ಆರು ವರ್ಷ ನನ್ನ ಕೈಯಲ್ಲಿತ್ತು. ಏಳನೆಯ ವರ್ಷ ಸಾಲವೊಂದು ಕುತ್ತಿಗೆಗೆ ಬಂದಾಗ ಅದರಿಂದ ಹಣ ತೆಗೆದೆ. ಮುಂದಿನ ತಿಂಗಳು ತುಂಬಿಬಿಡುತ್ತೇನೆ ಎಂದುಕೊಂಡವನು ಮುಂದಿನ ತಿಂಗಳು ಇನ್ನಷ್ಟು ತೆಗೆದೆ. ಪುಸ್ತಕದಲ್ಲಿ ಅಂಕಿಗಳನ್ನು ಹೊಂದಿಸಿದೆ. ಹನ್ನೊಂದು ತಿಂಗಳು ಹೀಗೇ ನಡೆಯಿತು. ಅಷ್ಟೂ ಕಾಲ ಮುಂದಿನ ಸಾಲಿನಲ್ಲೇ ನಿಂತು ಹಾಡಿದೆ, ಕರ್ತನ ಭೋಜನದಲ್ಲೂ ಪಾಲುಗೊಂಡೆ.

ಮನಸ್ಸಾಕ್ಷಿ ಚುಚ್ಚಲಿಲ್ಲವೆಂದಲ್ಲ. ಎಷ್ಟೋ ರಾತ್ರಿ ಮೊಣಕಾಲೂರಿ ಅತ್ತಿದ್ದೇನೆ. ಅತ್ತು ಎದ್ದರೆ ಎದೆ ಹಗುರಾಗುತ್ತಿತ್ತು, ಬೆಳಿಗ್ಗೆ ಲೆಕ್ಕ ಹಾಗೆಯೇ ಇರುತ್ತಿತ್ತು. ನನ್ನ ಪ್ರಾರ್ಥನೆ ಒಂದೇ: ‘ಕರ್ತನೇ, ತಪ್ಪಾಯಿತು.’ ಈ ಮಾತಿನಲ್ಲಿ ಮಾಡಿದವನೇ ಇಲ್ಲ. ಮಳೆಯಾಯಿತು, ಸಂಜೆಯಾಯಿತು, ತಪ್ಪಾಯಿತು!

ಇಂಥವರಿಗೆ ಎಲ್ಲರೂ, ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿ ಆಮೇಲೆ ಅತ್ತ ಶಿಷ್ಯ ಪೇತ್ರನ ಕಥೆ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದವನು ಇಸ್ರಾಯೇಲಿನ ಮೊದಲ ಅರಸ ಸೌಲ. ಬೈಬಲಿನ 1 ಸಮುವೇಲ 15ರಲ್ಲಿ ಅವನೂ ಪಾಪ ಮಾಡಿದ್ದೇನೆ ಎನ್ನುತ್ತಾನೆ. ಅದರ ಬೆನ್ನಿಗೇ, ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಪ್ರವಾದಿ ಸಮುವೇಲನನ್ನು ಬೇಡುತ್ತಾನೆ. ಅವನ ನಂತರ ಅರಸನಾದ ದಾವೀದನ ಪಾಪ ಕಡಿಮೆಯದೇನಲ್ಲ, ವ್ಯಭಿಚಾರ ಮತ್ತು ಕೊಲೆ. ಆದರೆ ‘ಆ ಮನುಷ್ಯ ನೀನೇ’ ಎಂದು ಪ್ರವಾದಿ ನಾತಾನ ಹೇಳಿದಾಗ ಅವನ ಉತ್ತರ ಒಂದೇ ಸಾಲು, ಅದಕ್ಕೆ ಬಾಲವಿಲ್ಲ. ನನ್ನ ಎಲ್ಲ ಪ್ರಾರ್ಥನೆಗಳಿಗೂ ಬಾಲವಿತ್ತು.

ಒಂದು ಹಾಳೆ ತೆಗೆದುಕೊಂಡು ದಿನಾಂಕ, ಮೊತ್ತ, ಅದರ ಮುಂದೆ ‘ತೆಗೆದೆ’ ಎಂದು ಸಾಲುಸಾಲಾಗಿ ಬರೆದೆ. ಮೂರು ರಾತ್ರಿ ಬೇಕಾಯಿತು. ಅದನ್ನು ಸಭಾಪಾಲಕರ ಬಳಿ ಒಯ್ಯಲಿಲ್ಲ. ಅವರು ಸ್ನೇಹಿತರು, ಬೇಗ ಕ್ಷಮಿಸಿಬಿಡುತ್ತಿದ್ದರು. ಅಷ್ಟೇನೂ ಸಲಿಗೆಯಿಲ್ಲದ ಒಬ್ಬ ಹಿರಿಯರ ಮುಂದೆ ಇಟ್ಟೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, ‘ಇದು ನಿಮ್ಮ ಹೆಂಡತಿಗೆ ಗೊತ್ತಿದೆಯೇ?’ ಎಂದರು. ಗೊತ್ತಿರಲಿಲ್ಲ. ದೇವರಿಗೆ ಹೇಳಿದ್ದೆ, ಈಗ ಸಭೆಗೂ ಹೇಳಿದ್ದೆ. ಪಕ್ಕದಲ್ಲೇ ಮಲಗುವವಳನ್ನು ಬಿಟ್ಟಿದ್ದೆ. ಆ ರಾತ್ರಿ ಅದೇ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಬಹಳ ದಿನ ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ದೇವರು ಕ್ಷಮಿಸಿದ್ದಾನಲ್ಲ ಎಂದು ಅವಳ ಮುಂದೆ ಒಮ್ಮೆ ವಾದಿಸಿದೆ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನಾಚಿಕೆ ತರುವ ಮಾತು ಅದೇ.

ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯ ಹೇಳುವುದು ಅರಿಕೆ ಮಾಡು, ಪೂರ್ತಿ ಹಿಂತಿರುಗಿಸು, ಐದನೆಯ ಒಂದು ಪಾಲು ಹೆಚ್ಚಿಗೆ ಕೊಡು ಎಂದು. ಹಿರಿಯರು ಅದನ್ನು ಕೇಳಲಿಲ್ಲ, ನಾನೇ ಒಪ್ಪಿಕೊಂಡೆ. ಯೇಸುವಿನ ಮುಂದೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆಂದ ಸುಂಕದವನು ಜಕ್ಕಾಯನಂತೆ ಕೊಡುವ ಶಕ್ತಿ ಇರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ತೀರಿಸಲು ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷ ಸಭೆಯಲ್ಲಿ ನನಗೆ ಯಾವ ಜವಾಬ್ದಾರಿಯೂ ಇರಲಿಲ್ಲ. ಮೊದಲು ಅದು ಶಿಕ್ಷೆ ಎನಿಸಿತ್ತು. ಗಲಾತ್ಯ 6:1ರಲ್ಲಿ ತಪ್ಪಿದವನನ್ನು ಸರಿಪಡಿಸಿರಿ ಎನ್ನುವಲ್ಲಿರುವ ಗ್ರೀಕ್ ಕ್ರಿಯಾಪದವೇ ಮಾರ್ಕ 1:19ರಲ್ಲಿ ಮೀನುಗಾರರಾದ ಯಾಕೋಬ ಯೋಹಾನರು ಬಲೆ ಸರಿಮಾಡುವ ಕಡೆಯಲ್ಲೂ ಇದೆ ಎಂದು ಆಮೇಲೆ ತಿಳಿಯಿತು. ನೀರಿನಲ್ಲಿರುವ ಬಲೆಯನ್ನು ಯಾರೂ ಹೆಣೆಯುವುದಿಲ್ಲ. ಪ್ರತಿ ಗುರುವಾರ ಸಂಜೆ ಆ ಹಿರಿಯರು ಬಂದು ಕೂರುತ್ತಿದ್ದರು. ಉಪದೇಶವೇನಿಲ್ಲ. ಈ ವಾರ ಏನನ್ನಾದರೂ ಮುಚ್ಚಿಟ್ಟಿರಾ ಎಂದು ಕೇಳುತ್ತಿದ್ದರು, ಅಷ್ಟೆ. ಕೆಲವು ವಾರ ಮುಚ್ಚಿಟ್ಟಿರುತ್ತಿದ್ದೆ.

ಲೆಕ್ಕದ ಪುಸ್ತಕ ನನಗೆ ಮರಳಿ ಬಂದಿಲ್ಲ, ನಾನು ಕೇಳಿಯೂ ಇಲ್ಲ. ಆರಾಧನೆ ಮುಗಿದ ಮೇಲೆ ಕುರ್ಚಿ ಜೋಡಿಸುತ್ತೇನೆ. ಹೋದ ತಿಂಗಳು, ಕೆಲಸ ಮುಗಿಯುವವರೆಗೆ ಬಾಗಿಲಲ್ಲಿ ಕಾಯುತ್ತಿದ್ದ ನನ್ನ ಹೆಂಡತಿ ಒಳಗೆ ಬಂದು ಇನ್ನೊಂದು ತುದಿಯಿಂದ ಜೋಡಿಸತೊಡಗಿದಳು.